ಕಲಬುರಗಿಯ ಸಿಂಹಾಸನ ಮತ್ತು ಗುಲಾಮರು

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಹಾಗೂ ವಾಡಿಗಳಿಂದ ಕಲಬುರಗಿಗೆ ಬಂದವರ ಕಣ್ಣಿಗೆ ಅಲ್ಲಿನ ಹಳೆಯ ಕೋಟೆಯು ಬೀಳದಿರದು. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯವು ಸುಮಾರು ಎಂಬತ್ತು ವರ್ಷಗಳ ಕಾಲ ಈ ನೆಲವನ್ನು ಆ ಕೋಟೆಯಿಂದಲೇ ಆಳಿತು.

ಮಧ್ಯಯುಗದಲ್ಲಿ ಕುದುರೆಗಳಂತೆ ಮನುಷ್ಯರೂ ಮಾರಾಟದ ವಸ್ತುಗಳಾಗಿದ್ದರು. ಮಧ್ಯ ಏಷ್ಯದ ತುರ್ಕಿ ಬಾಲಕರೂ ಆಫ್ರಿಕದ ಹಬಶಿಗಳೂ ದಾಭೋಳ, ಚೌಲ್ ಮುಂತಾದ ಬಂದರುಗಳ ಮೂಲಕ ದಖ್ಖನಿಗೆ ಬರುತ್ತಿದ್ದರು. ಯುದ್ಧದಲ್ಲಿ ಸೆರೆಸಿಕ್ಕ ಮಕ್ಕಳೂ ಇದೇ ಪಾಡಿಗೆ ಒಳಗಾಗುತ್ತಿದ್ದರು. ಸರದಾರನಿಗಾದರೋ ಬಂಧುಬಳಗವಿತ್ತು, ಜಹಗೀರಿತ್ತು, ಅವನು ತಿರುಗಿಬೀಳಬಹುದು. ಗುಲಾಮನಿಗೆ ಒಡೆಯನ ಹೊರತು ಗತಿಯಿಲ್ಲ. ಆದುದರಿಂದ ಸುಲ್ತಾನರು ಅವರನ್ನೇ ನಂಬಿ, ಸೈನ್ಯವನ್ನೂ ಅರಮನೆಯನ್ನೂ ಅವರ ಕೈಗಿತ್ತರು. ಈ ಲೆಕ್ಕಾಚಾರ ಎಷ್ಟು ತಪ್ಪೆಂಬುದು 1397ರಲ್ಲಿ ತಿಳಿಯಿತು.

ಆ ವರ್ಷ ಪಟ್ಟವೇರಿದ ಘಿಯಾಸುದ್ದೀನನು ಹದಿನೇಳರ ತರುಣ. ತುರ್ಕಿ ಗುಲಾಮರ ನಾಯಕನಾದ ತಘಲ್‌ಚೀನನು ಬಯಸಿದ ಉನ್ನತ ಪದವಿಯನ್ನು ಅವನು ಕೊಡಲಿಲ್ಲ. ತಘಲ್‌ಚೀನನು ಹಗೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು, ಸುಲ್ತಾನನನ್ನು ತನ್ನ ಮನೆಗೆ ಔತಣಕ್ಕೆ ಕರೆದನು. ಅಲ್ಲಿಯೇ ಅವನ ಕಣ್ಣುಗಳನ್ನು ಕೀಳಿಸಿದನು. ಬಳಿಕ ಪ್ರಮುಖ ಸರದಾರರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿ ಕೊಲ್ಲಿಸಿದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಕುರುಡನಾದ ಅರಸನನ್ನು ಸಗರದ ಕೋಟೆಗೆ ಕಳುಹಿಸಲಾಯಿತು. ಅವನ ಮಲತಮ್ಮ ಶಂಸುದ್ದೀನನು ಸುಲ್ತಾನನಾದನು. ಆ ಬಾಲಕನ ತಾಯಿಯೂ ಅರಮನೆಯ ದಾಸಿಯೇ. ಹೆಸರು ಅವನದು, ಆಳ್ವಿಕೆ ತಘಲ್‌ಚೀನನದು.

ರಾಜವಂಶದ ಫಿರೋಜ್ ಮತ್ತು ಅಹ್ಮದ್ ಸೋದರರು ಪ್ರಾಣಭಯದಿಂದ ಸಗರಕ್ಕೆ ಓಡಿದರು. ಅವರಿಗೆ ಆಶ್ರಯವಿತ್ತ ಕೋಟೆಯ ಅಧಿಕಾರಿ ಸಿದ್ಧು ಎಂಬುವನೂ ಗುಲಾಮನೇ! ಒಬ್ಬ ಗುಲಾಮನು ಕೆಡವಿದ ಮನೆತನವನ್ನು ಇನ್ನೊಬ್ಬನು ಎತ್ತಿ ನಿಲ್ಲಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಫಿರೋಜನು ಕಲಬುರಗಿಯನ್ನು ವಶಪಡಿಸಿಕೊಂಡು ಸುಲ್ತಾನನಾದನು. ತಘಲ್‌ಚೀನನನ್ನು ಕುರುಡ ಘಿಯಾಸುದ್ದೀನನ ಎದುರಿಗೆ ತಂದು ನಿಲ್ಲಿಸಲಾಗಿ, ಅವನು ತನ್ನ ಕೈಯಾರೆ ಖಡ್ಗದಿಂದ ಅವನನ್ನು ಕೊಂದನು. ಆಮೇಲೆ ಮಕ್ಕಾಕ್ಕೆ ಹೊರಟುಹೋದನು.

ಇಷ್ಟಾದರೂ ಫಿರೋಜನು ಪಾಠ ಕಲಿಯಲಿಲ್ಲ. ಅವನ ಮುಪ್ಪಿನಲ್ಲಿ ಹುಷಿಯಾರ್, ಬೇದಾರ್ ಎಂಬ ಇಬ್ಬರು ಗುಲಾಮರೇ ರಾಜ್ಯಭಾರ ನಡೆಸಿದರು. ಅವರು ಅಹ್ಮದನನ್ನು ಹತ್ತಿಕ್ಕಲು ಹೊರಟುದರಿಂದ ಯುದ್ಧವಾಗಿ, 1422ರಲ್ಲಿ ಸಿಂಹಾಸನವು ಅಹ್ಮದನ ಪಾಲಾಯಿತು.

ವಿಜಯನಗರದೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕ ಕನ್ನಡದ ಬಾಲಕನೊಬ್ಬನು ಬಹಮನಿ ಸರದಾರನ ಮನೆಯಲ್ಲಿ ಗುಲಾಮನಾಗಿ ಬೆಳೆದನು. ಅವನೇ ಫತೇಉಲ್ಲಾ ಇಮಾದ್-ಉಲ್-ಮುಲ್ಕ್. ಸುಮಾರು 1490ರಲ್ಲಿ, ಬಹಮನಿ ರಾಜ್ಯವು ಒಡೆದು ಹೋಳಾಗುತ್ತಿದ್ದಾಗ, ಅವನು ಬೇರಾರಿನಲ್ಲಿ ಸ್ವತಂತ್ರನಾಗಿ ತನ್ನದೇ ರಾಜವಂಶವನ್ನು ಸ್ಥಾಪಿಸಿದನು.