ಸವೆದ ತಿರುಪು

ಯಂತ್ರವೊಂದು ಕೆಟ್ಟು ನಿಂತರೆ ನಾವು ದೋಷವನ್ನು ಅದರ ಒಡಲಿನಲ್ಲಿ ಹುಡುಕುತ್ತೇವೆ. ಆದರೆ ಮುಚ್ಚಳವನ್ನು ಹಿಡಿದಿರುವ ತಿರುಪೊಂದು ಹೊರಬರಲು ಒಪ್ಪದಿದ್ದರೆ ಆ ಒಡಲನ್ನು ಕಾಣುವ ದಾರಿಯೇ ಇಲ್ಲ. ಹೊಲಿಗೆಯನ್ನೇ ನೆಚ್ಚಿದ ಮನೆಯಲ್ಲಿ, ಹಬ್ಬದ ಹಿಂದಿನ ದಿನ, ಹೊಲಿಗೆ ಯಂತ್ರದ ಮೋಟಾರಿಗೆ ಇಂತಹ ಗತಿ ಬಂದರೆ ಅದು ಅಂದಿನ ಗಳಿಕೆಯ ಪ್ರಶ್ನೆಯೇ ಆಗುತ್ತದೆ.

ತಿರುಪಿನ ತಲೆ ಸವೆಯುವುದೇಕೆ? ಜನರು ಸ್ಟಾರ್ ಸ್ಕ್ರೂ ಎಂದು ಕರೆಯುವ, ಸಂಕಲನ ಚಿಹ್ನೆಯಂತಹ ಕಚ್ಚುಳ್ಳ ತಿರುಪನ್ನು ನೋಡಿರಿ. ಅಮೆರಿಕದ ಹೆನ್ರಿ ಫಿಲಿಪ್ಸ್ ಅವರಿಗೆ 1936ರಲ್ಲಿ ಇದರ ಪೇಟೆಂಟು ದೊರೆಯಿತು. ಇದರ ಕಚ್ಚಿನ ಗೋಡೆಗಳು ನೆಟ್ಟಗಿರದೆ ಒಳಕ್ಕೆ ಇಳಿಜಾರಾಗಿವೆ. ಆದುದರಿಂದ ತಿರುಪುಳಿಯು, ಅಂದರೆ ಸ್ಕ್ರೂ ಡ್ರೈವರು, ತಾನಾಗಿಯೇ ನಡುವಿಗೆ ಬಂದು ಕುಳಿತುಕೊಳ್ಳುತ್ತದೆ. ಕಾರ್ಖಾನೆಗಳಿಗೆ ಇದು ದೊಡ್ಡ ಅನುಕೂಲ. ಆದರೆ ಬಲವಾಗಿ ತಿರುಗಿಸಿದಾಗ ಅದೇ ಇಳಿಜಾರು ತಿರುಪುಳಿಯನ್ನು ಮೇಲಕ್ಕೆ ನೂಕುತ್ತದೆ. ನೂಕಿದಾಗಲೆಲ್ಲ ಕಚ್ಚಿನ ಅಂಚು ಒಂದಿಷ್ಟು ಸವೆಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಜಾರಿದೊಡನೆ ರೋಷದಿಂದ ಇನ್ನೂ ಜೋರಾಗಿ ತಿರುಗಿಸುತ್ತಾರೆ. ಉಳಿದಿದ್ದ ಹಿಡಿತವೂ ಅಷ್ಟಕ್ಕೆ ಮುಗಿಯುತ್ತದೆ. ಮೊದಲ ಸಲ ಜಾರಿದಾಗಲೇ ಕೈಯನ್ನು ತಡೆಯಬೇಕು.

ಪ್ಲಗ್ಗನ್ನು ಕಿತ್ತಿಟ್ಟು, ಕಚ್ಚಿನೊಳಗಿನ ಕೊಳೆಯನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ತುಕ್ಕು ಕಂಡರೆ ತಲೆಯ ಅಂಚಿಗೆ ಒಂದು ಹನಿ ಎಣ್ಣೆ ಬಿಟ್ಟು ಕಾಯಿರಿ. ಕಚ್ಚಿಗೆ ಎಣ್ಣೆ ಸೋಕಿದರೆ ಒರೆಸಿಬಿಡಿ, ಇಲ್ಲವಾದರೆ ಅದು ಮತ್ತಷ್ಟು ಜಾರುತ್ತದೆ. ತಿರುಪುಳಿಯ ತುದಿ ಸವೆದಿರಬಾರದು, ಕಚ್ಚಿನ ಅಳತೆಗಿಂತ ಚಿಕ್ಕದಾಗಿರಬಾರದು. ಕಚ್ಚಿನ ಮೇಲೆ ಅಗಲವಾದ ರಬ್ಬರ್ ಬ್ಯಾಂಡಿನ ತುಂಡೊಂದನ್ನಿಟ್ಟು ಅದರ ಮೇಲೆ ತಿರುಪುಳಿಯನ್ನು ಊರಿದರೆ, ಸವೆದ ಎಡೆಯನ್ನು ರಬ್ಬರು ತುಂಬುತ್ತದೆ. ಬಳಿಕ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ನಿಧಾನವಾಗಿ ಎಡಕ್ಕೆ ತಿರುಗಿಸಬೇಕು. ಇಲ್ಲಿ ಒತ್ತುವ ಬಲ ಹೆಚ್ಚು, ತಿರುಗಿಸುವ ಬಲ ಕಡಿಮೆ.

ಇದಕ್ಕೂ ಜಗ್ಗದಿದ್ದರೆ, ಹಾಗೂ ತಿರುಪಿನ ತಲೆ ಮೇಲಕ್ಕೆ ಉಬ್ಬಿದ್ದರೆ, ಅದನ್ನು ಇಕ್ಕಳದಿಂದ ಬಿಗಿಯಾಗಿ ಕಚ್ಚಿ ತಿರುಗಿಸಬಹುದು. ಇಕ್ಕಳವೂ ಜಾರಿದರೆ ಗರಗಸವೇ ಗತಿ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ದಪ್ಪ ಬಟ್ಟೆ ಸುತ್ತಿ ಹಿಡಿದು, ತಲೆಯ ಮೇಲೆ ಅಡ್ಡಲಾಗಿ ಒಂದೇ ನೇರ ಗೀರು ಕೊಯ್ಯಬೇಕು. ಲೋಹದ ಪುಡಿ ಮೋಟಾರಿನೊಳಕ್ಕೆ ಬೀಳದಂತೆ ಸುತ್ತಲೂ ಒದ್ದೆ ಬಟ್ಟೆಯನ್ನು ಹಾಸಿರಬೇಕು. ಕಣ್ಣಿಗೆ ಕನ್ನಡಕವಿದ್ದರೆ ಒಳ್ಳೆಯದು. ಆ ಗೀರಿಗೆ ಚಪ್ಪಟೆ ತುದಿಯ ತಿರುಪುಳಿ ಹೊಂದುತ್ತದೆ. ಹೊಸ ಬಗೆಯ ಕಚ್ಚು ಬಂದ ಮೇಲೆ ಹಿಂದಕ್ಕೆ ಸರಿದ ಒಂಟಿಗೀರಿನ ಹಳೆಯ ತಿರುಪಿಗೆ, ಕಷ್ಟಕಾಲದಲ್ಲಿ ನಾವು ಹೀಗೆ ಮರಳುವುದು ವಿನೋದವೇ ಸರಿ.

ಹೊರಬಂದ ತಿರುಪನ್ನು ಮತ್ತೆ ಬಳಸಬಾರದು. ಅದನ್ನು ಅಂಗಡಿಗೆ ಒಯ್ದು ಉದ್ದ, ದಪ್ಪ, ಸುರುಳಿ ಮೂರರಲ್ಲಿಯೂ ಸರಿಹೊಂದುವ ಹೊಸದನ್ನು ತಂದು ಹಾಕಿರಿ.