ಬಾಡಿಗೆ ಕಾರು: ಉಳಿಸಬೇಕಾದ ಹಣ, ಉಳಿಸಬಾರದ ಹಣ

ಸ್ಯಾನ್ ಫ್ರಾನ್ಸಿಸ್ಕೊ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಕಾರು ಬಾಡಿಗೆಗೆ ಪಡೆಯುವ ಪ್ರವಾಸಿಗೆ ದಿನದ ಬಾಡಿಗೆ ದರ ಎದ್ದು ಕಾಣುತ್ತದೆಯಾದರೂ, ಕೊನೆಗೆ ಅವನ ಕಾರ್ಡಿನಿಂದ ಕಡಿತವಾಗುವ ಮೊತ್ತವನ್ನು ನಿರ್ಧರಿಸುವುದು ಬಹುಮಟ್ಟಿಗೆ ನಿಲ್ದಾಣದ ಶುಲ್ಕ, ವಿಮೆ ಮತ್ತು ಟೋಲ್ ಎಂಬ ಬೇರೆ ಮೂರು ಬಾಬತ್ತುಗಳು. ಮಕ್ಕಳನ್ನು ನೋಡಲು ಸನಿವೇಲ್, ಸ್ಯಾನ್ ಹೋಸೆ ಕಡೆಗೆ ಹೋಗುವ ಕನ್ನಡ ಕುಟುಂಬಗಳು ಈ ಮೂರರಲ್ಲಿ ಎರಡರಲ್ಲಿ ಗಮನಿಸದೆ ಹಣ ಕಳೆದುಕೊಳ್ಳುತ್ತವೆ, ಕೈಬಿಡಲೇಬಾರದ ಒಂದರಲ್ಲಿ ಮಾತ್ರ ಉಳಿತಾಯಕ್ಕೆ ಇಳಿಯುತ್ತವೆ ಎಂಬುದು ಈ ಅಂಕಣಕಾರನ ಸ್ವಂತ ಅನುಭವದಿಂದ ಮೂಡಿದ ಅಭಿಪ್ರಾಯ.

ನಿಲ್ದಾಣದ ಬಾಡಿಗೆ ಕಾರುಗಳೆಲ್ಲ ಒಂದೇ ಕಟ್ಟಡದಲ್ಲಿದ್ದು, ಅಲ್ಲಿಗೆ ಏರ್‌ಟ್ರೇನ್ ಎಂಬ ಚಾಲಕರಹಿತ ರೈಲು ಉಚಿತವಾಗಿ ಒಯ್ಯುತ್ತದೆ. ಆ ಕಟ್ಟಡದಲ್ಲಿ ವ್ಯಾಪಾರ ಮಾಡುವ ಹಕ್ಕಿಗಾಗಿ ಕಂಪನಿಗಳು ತಮ್ಮ ವಹಿವಾಟಿನ ಒಂದು ಪಾಲನ್ನು ನಿಲ್ದಾಣಕ್ಕೆ ಕೊಡಬೇಕಾಗುತ್ತದೆ. ಅಮೆರಿಕದ ಹಲವು ನಿಲ್ದಾಣಗಳಲ್ಲಿ ಈ ಪಾಲು ಶೇ. 10 ಆಗಿದ್ದರೂ ಗ್ರಾಹಕನ ಬಿಲ್ಲಿನಲ್ಲಿ ಅದು ಶೇ. 11.11 ಎಂದು ಕಾಣಿಸಿಕೊಳ್ಳುತ್ತದೆ. ನೂರು ಡಾಲರ್ ಬಾಡಿಗೆಗೆ 11.11 ಡಾಲರ್ ಸೇರಿಸಿದಾಗ ಒಟ್ಟು ವಸೂಲಿ 111.11 ಡಾಲರ್ ಆಗಿ, ಅದರ ಹತ್ತನೆಯ ಒಂದು ಭಾಗ ಮತ್ತೆ 11.11 ಡಾಲರೇ ಆಗುವುದರಿಂದ, ಕಂಪನಿಗೆ ತನ್ನ ನೂರು ಡಾಲರ್ ಪೂರ್ತಿಯಾಗಿ ದಕ್ಕುತ್ತದೆ. ಇದರ ಮೇಲೆ ಕಟ್ಟಡದ ಸೌಕರ್ಯ ಶುಲ್ಕ, ವಾಹನ ಪರವಾನಗಿ ಶುಲ್ಕ, ತೆರಿಗೆ ಬೇರೆ. ಕರೆದೊಯ್ಯಲು ಮಕ್ಕಳು ಬರುತ್ತಾರೆಂದಾದರೆ ಮೊದಲ ದಿನ ಅವರ ಕಾರಿನಲ್ಲೇ ಮನೆ ಸೇರಿ, ಮರುದಿನ ಊರೊಳಗಿನ ಶಾಖೆಯಿಂದ ಕಾರು ಪಡೆದರೆ ನಿಲ್ದಾಣಕ್ಕೆ ಸಂಬಂಧಿಸಿದ ಶುಲ್ಕಗಳು ತಪ್ಪುತ್ತವೆ. ಬೆಂಗಳೂರಿನಿಂದ ಹೊರಟು ಇಡೀ ದಿನ ಸರಿಯಾಗಿ ನಿದ್ದೆಯಿಲ್ಲದವರು, ಅದೂ ರಸ್ತೆಯ ಬಲಬದಿಯ ಚಾಲನೆ ಹೊಸತಾಗಿರುವವರು, ಹಣದ ಲೆಕ್ಕವನ್ನು ಬದಿಗಿಟ್ಟರೂ ಹೀಗೆಯೇ ಮಾಡುವುದು ಒಳ್ಳೆಯದು.

ವಿಮೆಯ ವಿಷಯವನ್ನು ಹೆಚ್ಚು ನಿಧಾನವಾಗಿ ನೋಡಬೇಕು, ಏಕೆಂದರೆ ಕೌಂಟರಿನಲ್ಲಿ ಒಂದೇ ಉಸಿರಿನಲ್ಲಿ ಹೇಳಲಾಗುವ ಎರಡು ವಸ್ತುಗಳು ಪರಸ್ಪರ ಸಂಬಂಧವೇ ಇಲ್ಲದವು. ಮೊದಲನೆಯದಾದ ಎಲ್‌ಡಿಡಬ್ಲ್ಯು ನಿಜಾರ್ಥದಲ್ಲಿ ವಿಮೆಯಲ್ಲ. ಬಾಡಿಗೆ ಕಾರಿಗೆ ಹಾನಿಯಾದರೆ ಅಥವಾ ಅದು ಕಳುವಾದರೆ ಬಾಡಿಗೆದಾರನಿಂದ ವಸೂಲಿ ಮಾಡುವುದಿಲ್ಲವೆಂದು ಕಂಪನಿ ಕೊಡುವ ಮಾತು. ಎರಡನೆಯದಾದ ಎಸ್‌ಎಲ್‌ಐ ಹೆಚ್ಚುವರಿ ಹೊಣೆಗಾರಿಕೆ ವಿಮೆಯಾಗಿದ್ದು, ಬಾಡಿಗೆದಾರನ ಚಾಲನೆಯಿಂದ ಬೇರೆಯವರ ಮೈಗೆ, ಪ್ರಾಣಕ್ಕೆ, ವಾಹನಕ್ಕೆ ಆಗುವ ನಷ್ಟವನ್ನು ಭರಿಸುತ್ತದೆ. ಈ ಅಂಕಣಕಾರ ಮೊದಲ ಸಲ ಕಾರು ಪಡೆದಾಗ ಮೊದಲನೆಯದನ್ನು ಕೊಂಡು, ಎರಡನೆಯದೂ ಅದರಂಥದೇ ಎಂದು ತಿಳಿದು ಬೇಡವೆಂದು ಸಹಿ ಹಾಕಿ, ಹತ್ತು ದಿನ ಕುಟುಂಬವನ್ನು ಕೂರಿಸಿಕೊಂಡು ಯೊಸೆಮಿಟಿಯವರೆಗೆ ಓಡಾಡಿದ್ದುಂಟು. ಹಿಂದಿರುಗಿದ ಮೇಲೆ ಕರಾರುಪತ್ರವನ್ನು ಕುಳಿತು ಓದಿದಾಗಲೇ ಎಂಥ ಅಪಾಯವನ್ನು ಹೊತ್ತು ತಿರುಗಿದ್ದೆಂಬುದು ಅರಿವಾಯಿತು. ಬಾಡಿಗೆ ಕಾರಿನ ಚಾಲಕ ಮಾಡಿದ ಅಪಘಾತಕ್ಕೆ, ಕಂಪನಿಯದೇ ನಿರ್ಲಕ್ಷ್ಯ ಇಲ್ಲದಿದ್ದರೆ, ವಾಹನದ ಮಾಲೀಕತ್ವದ ಕಾರಣದಿಂದಷ್ಟೇ ಕಂಪನಿಯನ್ನು ಹೊಣೆ ಮಾಡುವಂತಿಲ್ಲವೆಂದು 2005ರ ಗ್ರೇವ್ಸ್ ತಿದ್ದುಪಡಿ ಎಂಬ ಅಮೆರಿಕದ ಒಕ್ಕೂಟ (ಫೆಡರಲ್) ಕಾನೂನು ಹೇಳುತ್ತದೆ. ಕ್ಯಾಲಿಫೋರ್ನಿಯಾ ಕಡ್ಡಾಯಗೊಳಿಸಿರುವ ಕನಿಷ್ಠ ಹೊಣೆಗಾರಿಕೆಯ ಮಿತಿ 2025ರ ಜನವರಿ 1ರಿಂದ ಏರಿದೆಯಾದರೂ, ಅದು ಒಬ್ಬ ಗಾಯಾಳುವಿಗೆ 30,000 ಡಾಲರ್, ಒಂದು ಅಪಘಾತಕ್ಕೆ 60,000 ಡಾಲರ್, ಆಸ್ತಿ ನಷ್ಟಕ್ಕೆ 15,000 ಡಾಲರ್ ಮಾತ್ರ. ಅಮೆರಿಕದ ಆಸ್ಪತ್ರೆಯ ಬಿಲ್ಲು ಕಂಡವರಿಗೆ ಈ ಮೊತ್ತ ಎಷ್ಟು ಬೇಗ ಮುಗಿಯುತ್ತದೆಂದು ವಿವರಿಸಬೇಕಾಗಿಲ್ಲ. ಭಾರತದಲ್ಲಿ ಕೊಂಡ ಪ್ರವಾಸ ವಿಮೆ ಸಾಮಾನ್ಯವಾಗಿ ವಾಹನ ಚಾಲನೆಯಿಂದ ಬರುವ ಹೊಣೆಯನ್ನು ಹೊರಗಿಡುತ್ತದೆ. ಕ್ರೆಡಿಟ್ ಕಾರ್ಡಿನ ಜೊತೆ ಬರುವ ರಕ್ಷಣೆಯಿದ್ದರೂ ಅದು ಕಾರಿನ ಹಾನಿಗೆ ಸೀಮಿತ. ಅಲ್ಲಿಯೇ ನೆಲೆಸಿರುವ ಮಗನೋ ಮಗಳೋ ಕಾರು ಪಡೆದು ತಾವೇ ಓಡಿಸುವುದಾದರೆ ಅವರ ಸ್ವಂತ ಕಾರಿನ ಪಾಲಿಸಿ ಬಾಡಿಗೆ ಕಾರಿಗೂ ಅನ್ವಯಿಸುವುದು ರೂಢಿ. ಆದರೆ ಕರಾರಿನಲ್ಲಿ ಹೆಸರಿಲ್ಲದ ತಂದೆ ಅರ್ಧ ದಾರಿಯಲ್ಲಿ ಸ್ಟಿಯರಿಂಗ್ ಹಿಡಿದರೆ ಎಲ್ಲ ರಕ್ಷಣೆಯೂ ಕೈತಪ್ಪಬಹುದು. ಆದ್ದರಿಂದ ಅಮೆರಿಕದಲ್ಲಿ ಸ್ವಂತ ಪಾಲಿಸಿ ಇಲ್ಲದ ಭಾರತೀಯ ಪ್ರವಾಸಿ, ಬೇರೇನನ್ನು ಬಿಟ್ಟರೂ, ಎಸ್‌ಎಲ್‌ಐ ಬಿಡಬಾರದು.

ಠೇವಣಿಯ ಬಗ್ಗೆ ಒಂದು ಮಾತು: ಕಂಪನಿ ಬಾಡಿಗೆಗಿಂತ ಹೆಚ್ಚಿನ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತದೆ, ಅದಕ್ಕೆ ಫಾರೆಕ್ಸ್ ಕಾರ್ಡನ್ನು ಹಲವೆಡೆ ಒಪ್ಪುವುದಿಲ್ಲವಾದ ಕಾರಣ ಚಾಲಕನ ಹೆಸರಿನದೇ ಕ್ರೆಡಿಟ್ ಕಾರ್ಡು ಇರಬೇಕು, ಮತ್ತು ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಯಂತ್ರ ಕೇಳಿದರೆ ಡಾಲರನ್ನೇ ಒತ್ತಬೇಕು, ಏಕೆಂದರೆ ರೂಪಾಯಿಯ ಆ ವಿನಿಮಯ ದರದಲ್ಲಿ ವ್ಯಾಪಾರಿಯ ಲಾಭವೂ ಸೇರಿರುತ್ತದೆ.

ಕಟ್ಟಡ ಬಿಟ್ಟು ದಕ್ಷಿಣಕ್ಕೆ 101ನೇ ಹೆದ್ದಾರಿ ಸೇರಿದ ಕೂಡಲೇ ಎಡತುದಿಯಲ್ಲಿ ಬಹುಪಾಲು ಖಾಲಿ ಕಾಣುವ ಪಥವೊಂದು ಕಣ್ಣಿಗೆ ಬೀಳುತ್ತದೆ. ಅದು ಎಕ್ಸ್‌ಪ್ರೆಸ್ ಲೇನ್. ವಾರದ ಕೆಲಸದ ದಿನಗಳಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 8ರವರೆಗೆ ಅದಕ್ಕೆ ದಟ್ಟಣೆಗನುಗುಣವಾಗಿ ಏರಿಳಿಯುವ ಟೋಲ್ ಇದ್ದು, ಕಾರಿನಲ್ಲಿ ಮೂವರಿದ್ದರೂ ಗಾಜಿಗೆ ಫಾಸ್‌ಟ್ರ್ಯಾಕ್ ಫ್ಲೆಕ್ಸ್ ಎಂಬ ಸಾಧನವಿಲ್ಲದಿದ್ದರೆ ರಿಯಾಯಿತಿ ಸಿಗದು. ಇದು ನಮ್ಮ ಫಾಸ್ಟ್ಯಾಗ್‌ನಂತೆಯೇ ಖಾತೆಯಿಂದ ಟೋಲ್ ಕಡಿತ ಮಾಡುವ ವ್ಯವಸ್ಥೆ. ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರ ಮಾರ್ಚ್‌ನಿಂದ ನಗದು ಪಡೆಯುವ ಗೂಡುಗಳೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟನ್ನು ಓದುತ್ತದೆ, ಬಿಲ್ಲು ಕಂಪನಿಗೆ ಹೋಗುತ್ತದೆ, ಕಂಪನಿ ತನ್ನ ಸೇವಾ ಶುಲ್ಕ ಸೇರಿಸಿ ಬಾಡಿಗೆದಾರನ ಕಾರ್ಡಿನಿಂದ ತೆಗೆದುಕೊಳ್ಳುತ್ತದೆ. ಆ ಸೇತುವೆಯನ್ನು ಒಂದೇ ಸಲ ದಕ್ಷಿಣಮುಖವಾಗಿ ದಾಟಿದ್ದ ಅಂಕಣಕಾರನಿಗೆ ಊರಿಗೆ ಮರಳಿದ ಮೂರು ವಾರಗಳ ನಂತರ ಬಂದ ಪಟ್ಟಿಯಲ್ಲಿ ಟೋಲ್ ಒಂದು ಸಾಲು, ಸೇವಾ ಶುಲ್ಕ ಕಾರು ಇಟ್ಟುಕೊಂಡಿದ್ದ ಪ್ರತಿ ದಿನಕ್ಕೂ ಒಂದೊಂದು ಸಾಲು. ಮಕ್ಕಳ ಫಾಸ್‌ಟ್ರ್ಯಾಕ್ ಖಾತೆಗೆ ಬಾಡಿಗೆ ಕಾರಿನ ನಂಬರನ್ನು ಆ ದಿನಗಳ ಮಟ್ಟಿಗೆ ಸೇರಿಸಿ, ಕಂಪನಿಯ ಟೋಲ್ ಸೇವೆ ಬೇಡವೆಂದು ಕೌಂಟರಿನಲ್ಲೇ ತಿಳಿಸಿದ್ದರೆ ಆ ಸಾಲುಗಳಿಗೆ ಅವಕಾಶವಿರುತ್ತಿರಲಿಲ್ಲ.

ಹಿಂದಿರುಗಿಸುವಾಗ ನಿಲ್ದಾಣದ ಪಕ್ಕದ ಮಿಲ್‌ಬ್ರೇ ಅಥವಾ ಸ್ಯಾನ್ ಬ್ರೂನೊದಲ್ಲಿ ಪೆಟ್ರೋಲು ತುಂಬಿಸಿ ರಸೀದಿ ಇಟ್ಟುಕೊಳ್ಳಬೇಕು. ಕಾರು ಪಡೆಯುವಾಗ ನಾಲ್ಕೂ ಬದಿಯ ಫೋಟೊ ತೆಗೆಯುವವರೂ ಬಂಪರಿನ ಅಡಿಭಾಗವನ್ನು ಮರೆಯುತ್ತಾರೆ. ಅಂಕಣಕಾರನ ಎರಡನೆಯ ಪ್ರಯಾಣದ ಕೊನೆಯಲ್ಲಿ ತಪಾಸಣೆಯ ಹುಡುಗ ಮೊಣಕಾಲೂರಿ ಮುಂಬದಿಯ ಬಂಪರಿನ ಕೆಳಗೆ ಬೆರಳಾಡಿಸಿ, ಗೇಣುದ್ದದ ಗೀರೊಂದನ್ನು ತೋರಿಸಿ ಬರೆದುಕೊಳ್ಳತೊಡಗಿದ. ಕಾರು ಪಡೆದ ದಿನ ಅದೇ ಜಾಗದಲ್ಲಿ ಮೊಬೈಲಿನ ಟಾರ್ಚು ಹಿಡಿದು ತೆಗೆದಿದ್ದ, ದಿನಾಂಕ ಮತ್ತು ಸಮಯ ದಾಖಲಾಗಿದ್ದ ಫೋಟೊ ತೋರಿಸಿದಾಗ ಅವನು ಬರೆದದ್ದನ್ನು ಅಳಿಸಿ, ಹಾನಿಯಿಲ್ಲವೆಂದು ನಮೂದಿಸಿದ ರಸೀದಿಯನ್ನು ಕೈಗಿತ್ತನು.