ಒಂದು ಸಾಕೆಟ್ಟು, ಎರಡು ವಾಹನ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮನೆಯನ್ನೇ ಚಕ್ರಗಳ ಮೇಲೇರಿಸಿಕೊಂಡು ದೇಶ ಸುತ್ತುವ ವಾಡಿಕೆ ಬಹು ಜನರಲ್ಲಿ ಉಂಟು. ಮಲಗುವ ಮಂಚ, ಅಡುಗೆಯ ಒಲೆ, ಸ್ನಾನದ ಕೊಠಡಿ, ಹವಾನಿಯಂತ್ರಕ ಯಂತ್ರ ಇವೆಲ್ಲವನ್ನೂ ಒಳಗೊಂಡ, ಬಸ್ಸಿನಷ್ಟು ದೊಡ್ಡದಾದ ಈ ವಾಹನಕ್ಕೆ ಮೋಟರ್‌ಹೋಮ್, ಅಂದರೆ ಮೋಟಾರು ಮನೆ ಎಂದು ಹೆಸರು. ಇಂಥ ವಾಹನವನ್ನು ಪೇಟೆಯ ಬೀದಿಗಳಲ್ಲಿ ತಿರುಗಿಸುವುದು ಸುಲಭವಲ್ಲ. ಆದುದರಿಂದ ಪ್ರವಾಸಿಗಳು ಅದರ ಹಿಂದೆ ಒಂದು ಕಾರನ್ನೂ ಕೊಂಡೊಯ್ಯುತ್ತಾರೆ. ಮೋಟಾರು ಮನೆಯನ್ನು ಬಿಡಾರದ ಬಯಲಿನಲ್ಲಿ ನಿಲ್ಲಿಸಿ, ಸುತ್ತಲಿನ ಊರುಗಳನ್ನು ಕಾರಿನಲ್ಲಿ ನೋಡಿ ಬರುತ್ತಾರೆ.

ಆ ಕಾರು ಪೆಟ್ರೋಲಿನದಾದರೆ ಹೇಳುವುದೇನೂ ಇಲ್ಲ. ಅದು ವಿದ್ಯುತ್ ಕಾರಾದರೆ ಒಂದು ಪ್ರಶ್ನೆ ಏಳುತ್ತದೆ. ಮನೆಯ ಉಪಕರಣಗಳಿಗೂ ಕಾರಿನ ಬ್ಯಾಟರಿಗೂ ಬಿಡಾರದಲ್ಲಿರುವ ವಿದ್ಯುತ್ತು ಸಾಲುವುದೆ? ಇದಕ್ಕೆ ಉತ್ತರ ಕೊಡಲು ಹೊಸ ವಿಜ್ಞಾನವೇನೂ ಬೇಕಿಲ್ಲ. ಪ್ರೌಢಶಾಲೆಯಲ್ಲಿ ಕಲಿಯುವ ಓಮ್, ಜೌಲ್ ಮತ್ತು ಫ್ಯಾರಡೆಯವರ ನಿಯಮಗಳೇ ಸಾಕು. ಆದರೆ ಅವುಗಳನ್ನು ಮರೆತರೆ ಸಾಕೆಟ್ಟು ಕರಗಬಹುದು, ಬೆಂಕಿಯೂ ಹತ್ತಬಹುದು. ವಾಹನದ ಒಳಗೆ ಒಂದು ಕುಟುಂಬ ನಿದ್ರಿಸುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಎಳೆಯುವಾಗಲೇ ತುಂಬಿಸಬಾರದೆ?

ಮೊದಲು ಒಂದು ಸಹಜವಾದ ಸಂದೇಹವನ್ನು ಪರಿಹರಿಸೋಣ. ವಿದ್ಯುತ್ ಕಾರಿನ ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದು ಜನಕಯಂತ್ರವಾಗುತ್ತದೆ. ಕಾಂತಕ್ಷೇತ್ರವೂ ತಂತಿಯ ಸುರುಳಿಯೂ ಒಂದಕ್ಕೊಂದು ಸಾಪೇಕ್ಷವಾಗಿ ಚಲಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ ಎಂಬುದನ್ನು ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನು. ಹಾಗಾದರೆ ಮೋಟಾರು ಮನೆ ಕಾರನ್ನು ಎಳೆಯುತ್ತಿರುವಾಗಲೇ ಅದರ ಬ್ಯಾಟರಿ ತಾನಾಗಿ ತುಂಬಬಾರದೇಕೆ?

ತುಂಬಬಹುದು, ಆದರೆ ಪುಕ್ಕಟೆಯಾಗಿ ಅಲ್ಲ. ಗಂಟೆಗೆ 90 ಕಿಲೋಮೀಟರ್, ಅಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಸಾಗುವಾಗ ಬ್ಯಾಟರಿಗೆ 15,000 ವಾಟ್ ಸಾಮರ್ಥ್ಯವನ್ನು ಊಡಿಸಬೇಕಾದರೆ, ಸಾಮರ್ಥ್ಯವನ್ನು ವೇಗದಿಂದ ಭಾಗಿಸಿ, ಕನಿಷ್ಠಪಕ್ಷ 600 ನ್ಯೂಟನ್‌ನಷ್ಟು ಹೆಚ್ಚಿನ ಬಲದಿಂದ ಎಳೆಯಬೇಕಾಗುತ್ತದೆ. ಆ ಬಲವನ್ನು ಒದಗಿಸುವುದು ಮೋಟಾರು ಮನೆಯ ಎಂಜಿನ್ನು. ಬೆಲೆ ತೆರುವುದು ಅದರ ಇಂಧನ. ಶಕ್ತಿನಿತ್ಯತ್ವ ನಿಯಮಕ್ಕೆ ರಿಯಾಯಿತಿ ಇಲ್ಲ.

ಇನ್ನೊಂದು ಅಪಾಯವೂ ಉಂಟು. ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಚಕ್ರಗಳಿಗೂ ಮೋಟಾರಿಗೂ ಜೋಡಣೆ ಶಾಶ್ವತವಾದುದು. ಗೇರನ್ನು ತಪ್ಪಿಸಿ ಚಕ್ರಗಳನ್ನು ಬಿಡಿಸುವ ಏರ್ಪಾಡು ಅವುಗಳಲ್ಲಿ ಇರುವುದಿಲ್ಲ. ಹೀಗೆ ಬಲವಂತವಾಗಿ ತಿರುಗುವ ಮೋಟಾರು ಬಿಸಿಯೇರಿ, ಅದಕ್ಕೆ ಸೇರಿದ ವಿದ್ಯುತ್ ಉಪಕರಣಗಳೂ ಕೆಡಬಹುದು. ಆದುದರಿಂದಲೇ ಬಹುಪಾಲು ತಯಾರಕರು ಚಕ್ರಗಳು ನೆಲದ ಮೇಲೆ ಉರುಳುವಂತೆ ವಿದ್ಯುತ್ ಕಾರನ್ನು ಎಳೆಯಕೂಡದೆಂದು ಕೈಪಿಡಿಯಲ್ಲಿ ವಿಧಿಸಿರುತ್ತಾರೆ. ಕಾರನ್ನು ಟ್ರೇಲರಿನ ಮೇಲೇರಿಸಿ ಒಯ್ಯುವುದೇ ಕ್ಷೇಮ.

ಹೆದ್ದಾರಿಯ ಬದಿಯಲ್ಲಿ ಶೀಘ್ರವಾಗಿ ಚಾರ್ಜು ಮಾಡುವ ನಿಲ್ದಾಣಗಳಿವೆ. ಆದರೆ ಅವುಗಳಲ್ಲಿ ಅನೇಕವು ಒಂಟಿ ಕಾರಿಗೆ ತಕ್ಕಂತೆ ರಚಿತವಾದುವು. ಟ್ರೇಲರನ್ನು ಕಟ್ಟಿಕೊಂಡ ಮೋಟಾರು ಮನೆ ಅಲ್ಲಿ ನುಗ್ಗಲಾರದು. ಪ್ರತಿ ಸಲವೂ ಕಾರನ್ನು ಇಳಿಸಬೇಕು. ಹೀಗಾಗಿ ಬಿಡಾರದಲ್ಲಿ ಕಳೆಯುವ ರಾತ್ರಿಯೇ ಚಾರ್ಜು ಮಾಡಲು ಒದಗುವ ಸುಸಮಯ.

ಬಿಡಾರದ ವಿದ್ಯುತ್ ಪೆಟ್ಟಿಗೆ

ಬಿಡಾರದ ಬಯಲಿನಲ್ಲಿ ಪ್ರತಿಯೊಂದು ವಾಹನದ ತಾಣಕ್ಕೂ ಒಂದು ವಿದ್ಯುತ್ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 20, 30 ಅಥವಾ 50 ಆಂಪಿಯರುಗಳ ಸಾಕೆಟ್ಟುಗಳು ಇರುತ್ತವೆ. 30ಕ್ಕೂ 50ಕ್ಕೂ ಇರುವ ಅಂತರ ಅಲ್ಪವೆಂದು ತೋರಬಹುದು. ನಿಜಸ್ಥಿತಿ ಬೇರೆ.

ಅಮೆರಿಕದ ಮನೆಗಳಿಗೆ ಬರುವ ಪರ್ಯಾಯ ಪ್ರವಾಹದಲ್ಲಿ ಎರಡು ಸಜೀವ ತಂತಿಗಳೂ ಒಂದು ತಟಸ್ಥ ತಂತಿಯೂ ಇರುತ್ತವೆ. ಪ್ರತಿಯೊಂದು ಸಜೀವ ತಂತಿಗೂ ತಟಸ್ಥ ತಂತಿಗೂ ನಡುವೆ ವಿಭವಾಂತರ 120 ವೋಲ್ಟ್. ಎರಡು ಸಜೀವ ತಂತಿಗಳ ವಿಭವಗಳು ಪರಸ್ಪರ ವಿರುದ್ಧವಾಗಿ ಏರಿಳಿಯುವುದರಿಂದ ಅವುಗಳ ನಡುವೆ 240 ವೋಲ್ಟ್ ಇರುತ್ತದೆ. 30 ಆಂಪಿಯರುಗಳ ಸಾಕೆಟ್ಟಿಗೆ ಒಂದೇ ಸಜೀವ ತಂತಿ; ಅದರ ಸಾಮರ್ಥ್ಯ 120 × 30 = 3,600 ವಾಟ್. 50 ಆಂಪಿಯರುಗಳದಕ್ಕೆ ಎರಡೂ ಇವೆ; ಅದರ ಸಾಮರ್ಥ್ಯ 240 × 50 = 12,000 ವಾಟ್. ಅಂದರೆ ಮೂರು ಪಟ್ಟಿಗಿಂತಲೂ ಹೆಚ್ಚು!

ಈ ಪೂರ್ಣ ಸಾಮರ್ಥ್ಯವನ್ನು ಇಡೀ ರಾತ್ರಿ ಸೆಳೆಯಲಾಗದು. ಮೂರು ಗಂಟೆ ಅಥವಾ ಹೆಚ್ಚು ಕಾಲ ಒಂದೇ ಸಮನೆ ಹರಿಯುವ ಪ್ರವಾಹ, ಮಂಡಲದ ಅಂಕಿತ ಪ್ರಮಾಣದಲ್ಲಿ 80 ಪ್ರತಿಶತವನ್ನು ಮೀರಕೂಡದೆಂಬುದು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಸಾಮಾನ್ಯ ವಿಧಿ. ಆದುದರಿಂದ 30ರ ಸಾಕೆಟ್ಟಿನಿಂದ 24 ಆಂಪಿಯರುಗಳನ್ನು, 50ರಿಂದ 40 ಆಂಪಿಯರುಗಳನ್ನು ಮಾತ್ರ ನಿರಂತರವಾಗಿ ಪಡೆಯಬಹುದು.

ಒಂದು ಉದಾಹರಣೆ. 24 ಆಂಪಿಯರಿನಂತೆ 120 ವೋಲ್ಟಿನಲ್ಲಿ 10 ಗಂಟೆ ಚಾರ್ಜು ಮಾಡಿದರೆ ದೊರೆಯುವ ಶಕ್ತಿ 28.8 ಕಿಲೋವಾಟ್-ಗಂಟೆ. ಪರ್ಯಾಯ ಪ್ರವಾಹವನ್ನು ನೇರ ಪ್ರವಾಹವಾಗಿ ಮಾರ್ಪಡಿಸುವಾಗಲೂ ತಂತಿಗಳಲ್ಲಿಯೂ ಆಗುವ ನಷ್ಟವನ್ನು ಕಳೆದರೆ ಬ್ಯಾಟರಿಗೆ ಸುಮಾರು 25 ಸೇರೀತು. ಸಾಧಾರಣ ಗಾತ್ರದ ಕಾರು ಒಂದು ಕಿಲೋವಾಟ್-ಗಂಟೆಗೆ ಸುಮಾರು 6 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಂಡರೆ, ಒಂದು ರಾತ್ರಿಯ ಗಳಿಕೆ 150 ಕಿಲೋಮೀಟರ್. ಮರುದಿನದ ತಿರುಗಾಟಕ್ಕೆ ಇದು ಧಾರಾಳವಾಯಿತು.

ಹಂಚಿಕೆಯ ಲೆಕ್ಕ

ಆದರೆ ಕಾರು ಒಂದೇ ಅಲ್ಲವಲ್ಲ! ಮೋಟಾರು ಮನೆಯ ಚಾವಣಿಯ ಹವಾನಿಯಂತ್ರಕ ಓಡುವಾಗ ಸುಮಾರು 14 ಆಂಪಿಯರುಗಳನ್ನು ಸೆಳೆಯುತ್ತದೆ. ನೀರು ಕಾಯಿಸುವ 1,440 ವಾಟಿನ ಸುರುಳಿಗೆ 12 ಆಂಪಿಯರ್ ಬೇಕು. 30ರ ಒಂದೇ ಸಾಕೆಟ್ಟಿನಿಂದ ಎಲ್ಲವೂ ನಡೆಯಬೇಕಾದಾಗ, ಹವಾನಿಯಂತ್ರಕ ಓಡುತ್ತಿದ್ದರೆ ಕಾರಿಗೆ ಉಳಿಯುವುದು 24 − 14 = 10 ಆಂಪಿಯರ್. ಸೆಕೆಯ ರಾತ್ರಿಯಲ್ಲಿ ಕಾರಿನ ಪಾಲು ಕಿರಿದು. ತಂಪಾದ ರಾತ್ರಿಯಲ್ಲಿ ಹಿರಿದು.

50ರ ಸಾಕೆಟ್ಟಿನಲ್ಲಿ ಲೆಕ್ಕ ಹೆಚ್ಚು ಸ್ವಾರಸ್ಯವಾಗಿದೆ. ಕಾರು 240 ವೋಲ್ಟಿನಲ್ಲಿ 24 ಆಂಪಿಯರುಗಳನ್ನು ಸೆಳೆದರೆ ಆ ಪ್ರವಾಹ ಎರಡು ಸಜೀವ ತಂತಿಗಳಲ್ಲಿಯೂ ಹರಿಯುತ್ತದೆ. ಒಂದೊಂದು ತಂತಿಗೂ ಒಂದೊಂದು ಹವಾನಿಯಂತ್ರಕವಿದ್ದರೆ, ಪ್ರತಿ ತಂತಿಯ ಒಟ್ಟು ಪ್ರವಾಹ 24 + 14 = 38 ಆಂಪಿಯರ್. ಇದು 40ರ ಮಿತಿಯ ಒಳಗೇ ಇದೆ. ಇಲ್ಲಿ ತಟಸ್ಥ ತಂತಿಯಲ್ಲಿ ಹರಿಯುವ ಪ್ರವಾಹವೆಷ್ಟು? ಹೆಚ್ಚುಕಡಿಮೆ ಸೊನ್ನೆ. ಎರಡು ಹವಾನಿಯಂತ್ರಕಗಳ ಪ್ರವಾಹಗಳು ಅದರಲ್ಲಿ ಪರಸ್ಪರ ವಿರುದ್ಧವಾಗಿದ್ದು ರದ್ದಾಗುತ್ತವೆ. ಕಾರಿನ ಪ್ರವಾಹ ಅದನ್ನು ಮುಟ್ಟುವುದೇ ಇಲ್ಲ. ಕಿರ್ಖಾಫನ ಮೊದಲ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ವಿರಳ.

ಕಾರು ಎಷ್ಟು ಸೆಳೆಯಬೇಕೆಂಬುದನ್ನು ತಿಳಿಯುವ ಬಗೆ

ಕಾರಿನ ಚಾರ್ಜು ಕೇಬಲ್ಲು ಬರಿಯ ತಂತಿಯಲ್ಲ. ಅದರ ಪೆಟ್ಟಿಗೆಯಿಂದ ಕಾರಿಗೆ ಒಂದು ಸಂಕೇತ ಹೋಗುತ್ತಿರುತ್ತದೆ. ಸೆಕೆಂಡಿಗೆ 1,000 ಸಲ ಏರಿ ಇಳಿಯುವ ಚೌಕಾಕಾರದ ಸ್ಪಂದ ಅದು. ಪ್ರತಿ ಸ್ಪಂದದ ಅವಧಿಯಲ್ಲಿ ಎಷ್ಟು ಪ್ರತಿಶತ ಕಾಲ ವಿಭವ ಮೇಲಿನ ಮಟ್ಟದಲ್ಲಿ ಇರುತ್ತದೆಯೋ, ಆ ಸಂಖ್ಯೆಯನ್ನು 0.6ರಿಂದ ಗುಣಿಸಿದರೆ ಕಾರು ಸೆಳೆಯಬಹುದಾದ ಗರಿಷ್ಠ ಆಂಪಿಯರುಗಳ ಸಂಖ್ಯೆ ದೊರೆಯುತ್ತದೆ. 20 ಪ್ರತಿಶತವೆಂದರೆ 12 ಆಂಪಿಯರ್. 40 ಪ್ರತಿಶತವೆಂದರೆ 24 ಆಂಪಿಯರ್.

ಏರ್ಪಾಡು ಚಮತ್ಕಾರವಾದುದೇ. ಆದರೆ ಕೇಬಲ್ಲಿಗೆ ಗೊತ್ತಿರುವುದು ತನ್ನ ಬಾಲದ ಪ್ಲಗ್ಗು ಮಾತ್ರ. ಹವಾನಿಯಂತ್ರಕ ಓಡುತ್ತಿರುವುದಾಗಲಿ, ಸಾಕೆಟ್ಟು ಹಳೆಯದಾಗಿರುವುದಾಗಲಿ ಅದಕ್ಕೆ ತಿಳಿಯದು. ಅನೇಕ ಕಾರುಗಳಲ್ಲಿ ಪ್ರವಾಹವನ್ನು ಇನ್ನೂ ತಗ್ಗಿಸಲು ಪರದೆಯ ಮೇಲೆ ಅವಕಾಶವಿರುತ್ತದೆ. ಅದನ್ನು ಬಳಸುವ ವಿವೇಕ ಮನುಷ್ಯನದು.

50ರ ಪ್ಲಗ್ಗುಳ್ಳ ಕೇಬಲ್ಲನ್ನು 30ರ ಸಾಕೆಟ್ಟಿಗೆ ಸೇರಿಸಲು ಕೆಲವರು ಮೋಟಾರು ಮನೆಯ ಹೊಂದಿಕೆ ಪ್ಲಗ್ಗನ್ನೇ ಉಪಯೋಗಿಸುತ್ತಾರೆ. ಆಗ ಕಾರು ಚಾರ್ಜಾಗುವುದೇ ಇಲ್ಲ. ಏಕೆ? ಆ ಪ್ಲಗ್ಗು 30ರ ಸಾಕೆಟ್ಟಿನ ಒಂದೇ ಸಜೀವ ತಂತಿಯನ್ನು ಎರಡು ಕವಲಾಗಿಸಿ ಎರಡು ಕಡ್ಡಿಗಳಿಗೂ ಕೊಡುತ್ತದೆ. ಮೋಟಾರು ಮನೆಗೆ ಇದು ಸರಿ. ಅದರ ಉಪಕರಣಗಳು ಸಜೀವ ತಂತಿಗೂ ತಟಸ್ಥ ತಂತಿಗೂ ನಡುವೆ ಇರುವಂಥವು. ಆದರೆ ಕಾರಿನ ಕೇಬಲ್ಲು ನೋಡುವುದು ಎರಡು ಸಜೀವ ಕಡ್ಡಿಗಳ ನಡುವಣ ವಿಭವಾಂತರವನ್ನು. ಎರಡೂ ಒಂದೇ ತಂತಿಯಾದಾಗ ಆ ಅಂತರ ಸೊನ್ನೆ! ಪ್ರವಾಹವನ್ನು ಹರಿಸುವುದು ವಿಭವವಲ್ಲ, ವಿಭವದ ಅಂತರ ಎಂಬ ಪಾಠ ಇಲ್ಲಿದೆ. ಕಾರಿಗೆಂದೇ ಮಾಡಿದ ಹೊಂದಿಕೆ ಪ್ಲಗ್ಗುಗಳು ಬೇರೆ ಉಂಟು. ಅವುಗಳಲ್ಲಿ ತಂತಿಗಳ ಜೋಡಣೆ ಬೇರೆಯಾದುದರಿಂದ ಅವುಗಳಿಗೆ ಮೋಟಾರು ಮನೆಯನ್ನು ಎಂದೂ ಸೇರಿಸಬಾರದು. ಅವುಗಳನ್ನು ಬಳಸುವಾಗಲೂ ಕೇಬಲ್ಲು 50ರ ಸಾಕೆಟ್ಟೆಂದೇ ಭ್ರಮಿಸಬಹುದಾದುದರಿಂದ, ಕಾರಿನ ಪ್ರವಾಹವನ್ನು 24 ಆಂಪಿಯರಿಗೋ ಅದಕ್ಕಿಂತ ಕೆಳಕ್ಕೋ ನಾವೇ ಇಳಿಸಬೇಕು.

ಸಾಕೆಟ್ಟು ಏಕೆ ಕರಗುತ್ತದೆ?

ವಾಹಕದಲ್ಲಿ ಹುಟ್ಟುವ ಉಷ್ಣ, ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಜೌಲ್ 1841ರಲ್ಲಿ ಪ್ರಕಟಿಸಿದನು. ಬಿಡಾರದ ಸಾಕೆಟ್ಟುಗಳಲ್ಲಿ ವರ್ಷಗಳಿಂದ ನೂರಾರು ಪ್ಲಗ್ಗುಗಳು ಸೇರಿ ಬಿಟ್ಟು, ಹಿಡಿತ ಸಡಿಲವಾಗಿ, ಲೋಹ ಕಪ್ಪಾಗಿರುವುದುಂಟು. ಅಂಥ ಒಂದು ಸಂಪರ್ಕದ ರೋಧ 0.05 ಓಮ್ ಎಂದಿಟ್ಟುಕೊಳ್ಳೋಣ. 24 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಉಷ್ಣ 24 × 24 × 0.05 = 28.8 ವಾಟ್. ರೇಡಿಯೊ ದುರಸ್ತಿಯವರು ಸೀಸವನ್ನು ಕರಗಿಸಲು ಬಳಸುವ ಬೆಸುಗೆಯ ಕಡ್ಡಿ ಅನೇಕ ವೇಳೆ 25 ವಾಟಿನದು! ಅಂಥದೊಂದನ್ನು ಪ್ಲಾಸ್ಟಿಕ್ಕಿನ ಸಾಕೆಟ್ಟಿನ ಒಳಗಿಟ್ಟು ಇಡೀ ರಾತ್ರಿ ಉರಿಸಿದಂತೆ ಆಯಿತು.

ಸರ್ಕಿಟ್ ಬ್ರೇಕರು ಇದನ್ನು ತಡೆಯದೆ? ತಡೆಯದು. ಅದು ಪ್ರವಾಹವನ್ನು ಅಳೆಯುತ್ತದೆಯೇ ಹೊರತು ಪ್ಲಗ್ಗಿನ ಉಷ್ಣತೆಯನ್ನಲ್ಲ. ಪ್ರವಾಹ 24 ಆಂಪಿಯರಾಗಿರುವಾಗ ಅದರ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ಆದುದರಿಂದ ಚಾರ್ಜು ಆರಂಭಿಸಿದ ಅರ್ಧ ಗಂಟೆಯ ಮೇಲೆ ಪ್ಲಗ್ಗಿನ ಹೊರಮೈ ಎಷ್ಟು ಬಿಸಿಯಾಗಿದೆಯೆಂದು ಪರೀಕ್ಷಿಸುವುದು ಅವಶ್ಯಕ. ಕೈ ತಾಳಲಾರದಷ್ಟು ಬಿಸಿಯಿದ್ದರೆ ಕಾರಿನ ಕಡೆಯಿಂದ ಚಾರ್ಜನ್ನು ನಿಲ್ಲಿಸಿ, ಬ್ರೇಕರನ್ನು ಆರಿಸಿ, ಆ ಸಾಕೆಟ್ಟನ್ನು ಬಿಟ್ಟುಬಿಡಬೇಕು. ಬೆಚ್ಚಗಿದ್ದರೆ ಪ್ರವಾಹವನ್ನು ತಗ್ಗಿಸಬೇಕು. 24ರಿಂದ 12 ಆಂಪಿಯರಿಗೆ ಇಳಿಸಿದರೆ ಉಷ್ಣ ಅರ್ಧವಾಗುವುದಿಲ್ಲ. ಕಾಲು ಭಾಗವಾಗುತ್ತದೆ, 28.8ರಿಂದ 7.2 ವಾಟಿಗೆ ಇಳಿಯುತ್ತದೆ. ಕಾಲ ಮಾತ್ರ ಸುಮಾರು ಎರಡರಷ್ಟಾಗುತ್ತದೆ. ಕಾಲವನ್ನು ಕೊಟ್ಟು ಕ್ಷೇಮವನ್ನು ಪಡೆಯುವ ಈ ವ್ಯಾಪಾರದಲ್ಲಿ ಲಾಭ ನಮ್ಮದೇ.

ಹಾಗೆಂದು ಪ್ರವಾಹವನ್ನು ಅತಿಯಾಗಿ ತಗ್ಗಿಸುವುದೂ ಜಾಣತನವಲ್ಲ. ಚಾರ್ಜಾಗುವಾಗ ಕಾರಿನ ಗಣಕಗಳೂ ಪಂಪುಗಳೂ ಎಚ್ಚರವಾಗಿದ್ದು 200–300 ವಾಟುಗಳನ್ನು ತಾವೇ ನುಂಗಬಹುದು. 2,880 ವಾಟಿನಲ್ಲಿ ಇದು ಹತ್ತನೆಯ ಒಂದು ಪಾಲಿನಷ್ಟು. 720 ವಾಟಿನಲ್ಲಿ ಮೂರನೆಯ ಒಂದು ಪಾಲಿನಷ್ಟು.

ನೆರೆಯವರ ಪಾಲು

ಬಿಡಾರದ ಪೆಟ್ಟಿಗೆಗಳು ಒಂದೇ ಮೂಲದಿಂದ ಕವಲೊಡೆದ ತಂತಿಗಳ ತುದಿಯಲ್ಲಿರುತ್ತವೆ. ತಂತಿಯ ರೋಧ 0.25 ಓಮ್ ಆದರೆ 24 ಆಂಪಿಯರ್ ಹರಿದಾಗ 6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬೇಸಗೆಯ ಅಪರಾಹ್ನ ಎಲ್ಲರ ಹವಾನಿಯಂತ್ರಕಗಳೂ ಓಡುತ್ತಿರುವಾಗ ವಿಭವ ಮೊದಲೇ ಕುಸಿದಿರುತ್ತದೆ. ವಿಭವ ಕುಸಿದಾಗ ಹವಾನಿಯಂತ್ರಕದ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಪ್ರವಾಹವನ್ನು ಸೆಳೆದು ಬಿಸಿಯಾಗುತ್ತದೆ. ಸುಮಾರು 105 ವೋಲ್ಟಿಗಿಂತ ಕೆಳಗೆ ಅದಕ್ಕೆ ಹಾನಿಯ ಭಯವಿದೆ. ಕಾರನ್ನು ಆ ಹೊತ್ತಿನಲ್ಲಿ ಬಿಟ್ಟು ನಡುರಾತ್ರಿಯ ಮೇಲೆ ಚಾರ್ಜು ಮಾಡುವುದು ನೆರೆಯವರಿಗೂ ಹಿತ, ತನಗೂ ಹಿತ. ಬಿಡಾರದ ಒಡೆಯನಿಂದ ಮೊದಲೇ ಅನುಮತಿ ಪಡೆಯುವುದು ಉಚಿತ. ಕೆಲವೆಡೆ ಇದಕ್ಕೆ ಪ್ರತ್ಯೇಕ ಶುಲ್ಕ ಉಂಟು. ಕೆಲವೆಡೆ ನಿಷೇಧವೇ ಉಂಟು.

ಒಟ್ಟಿನಲ್ಲಿ ಸಾಕೆಟ್ಟು ಎಷ್ಟು ಕೊಡಬಲ್ಲದು ಎಂಬುದಕ್ಕಿಂತ ನಮ್ಮ ಬಳಿ ಎಷ್ಟು ಗಂಟೆಗಳಿವೆ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕು. ಶಕ್ತಿಯೆಂದರೆ ಸಾಮರ್ಥ್ಯ ಮತ್ತು ಕಾಲಗಳ ಗುಣಲಬ್ಧ. ಸಾಮರ್ಥ್ಯ ಅಲ್ಪವಾದಾಗ ಕಾಲ ಅದನ್ನು ತುಂಬಿಕೊಡುತ್ತದೆ. ನಮ್ಮ ಮನೆಗಳ ಅಂಗಳದಲ್ಲಿ ನಿಲ್ಲುವ ವಿದ್ಯುತ್ ವಾಹನಗಳಿಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ.

ಅಭ್ಯಾಸ

1. 120 ವೋಲ್ಟಿನಲ್ಲಿ 16 ಆಂಪಿಯರಿನಂತೆ 9 ಗಂಟೆ ಚಾರ್ಜು ಮಾಡಿದರೆ ಸಾಕೆಟ್ಟಿನಿಂದ ಪಡೆದ ಶಕ್ತಿಯೆಷ್ಟು?

2. ಒಂದು ಸಂಪರ್ಕದ ರೋಧ 0.04 ಓಮ್. 30 ಆಂಪಿಯರ್ ಮತ್ತು 15 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಉಷ್ಣ ಎಷ್ಟೆಷ್ಟು ವಾಟ್?

3. ನಮ್ಮ ದೇಶದ ಮನೆಗಳಲ್ಲಿ ವಿಭವ 230 ವೋಲ್ಟ್. 2,880 ವಾಟ್ ಪಡೆಯಲು ಇಲ್ಲಿ ಎಷ್ಟು ಪ್ರವಾಹ ಬೇಕು? ಒಂದೇ ರೋಧವುಳ್ಳ ಸಂಪರ್ಕದಲ್ಲಿ ಹುಟ್ಟುವ ಉಷ್ಣ 120 ವೋಲ್ಟಿನಲ್ಲಿ ಹುಟ್ಟುವುದರ ಎಷ್ಟು ಪಾಲು?

ಉತ್ತರಗಳು: (1) 17.28 ಕಿಲೋವಾಟ್-ಗಂಟೆ. (2) 36 ವಾಟ್, 9 ವಾಟ್. (3) ಸುಮಾರು 12.5 ಆಂಪಿಯರ್, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು.